ಫಂಕ್ ಬ್ಯಾಂಡ್‌ಗಳ ಅಪರೂಪದ ಲೈವ್ ರೆಕಾರ್ಡಿಂಗ್ ಹುಡುಕುವುದು ಹೇಗೆ?

ಫಂಕ್ ಅಂದರೆ ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ, ಲಯವೇ ಜೀವಾಳವಾದ ಸಂಗೀತ. ಅದು ಪೂರ್ತಿ ಅರಳುವುದು ಸ್ಟೇಜ್ ಮೇಲೆ. ಸ್ಟುಡಿಯೊದಲ್ಲಿ ಮೂರು ನಿಮಿಷಕ್ಕೆ ಮುಗಿಸಿದ ಹಾಡು ಜನರ ಮುಂದೆ ಹತ್ತು ನಿಮಿಷ ದಾಟುತ್ತದೆ. ಡ್ರಮ್ಸ್ ಮತ್ತು ಬೇಸ್ ಗಿಟಾರ್ ಒಂದೇ ಲಯವನ್ನು ಬಿಡದೆ ಹಿಡಿದಿರುತ್ತವೆ. ಮುಂದಿನ ಸೋಲೊ ಯಾರದ್ದು ಅಂತ ಹಾಡುಗಾರ ಅಲ್ಲೇ ಕೂಗಿ ಹೇಳುತ್ತಾನೆ. ಅಂಥ ರಾತ್ರಿಗಳ ಎಷ್ಟೋ ಟೇಪ್‌ಗಳು ದಶಕಗಳ ಕಾಲ ಗೋದಾಮಿನಲ್ಲೇ ಉಳಿದಿದ್ದವು. ಈಗ ಒಂದೊಂದಾಗಿ ಹೊರಬರುತ್ತಿವೆ. ಹುಡುಕುವ ದಾರಿ ಗೊತ್ತಿದ್ದರೆ ಸಾಕು.

ಜಾಗ ಮತ್ತು ತಾರೀಖು ಹಿಡಿದು ಹುಡುಕಿ

ಬರೀ ಬ್ಯಾಂಡಿನ ಹೆಸರು ಹಾಕಿದರೆ ಅದೇ ಹತ್ತು ಜನಪ್ರಿಯ ಹಾಡುಗಳು ಎದುರಾಗುತ್ತವೆ. ಸಭಾಂಗಣದ ಹೆಸರು, ಊರು, ವರ್ಷ ಸೇರಿಸಿ ನೋಡಿ. ಫಂಕ್‌ನ ದೊಡ್ಡ ಗಾಯಕ ಜೇಮ್ಸ್ ಬ್ರೌನ್ 1971ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನ ಒಲಿಂಪಿಯಾದಲ್ಲಿ ಕೊಟ್ಟ ಶೋ ಮೂರು ಎಲ್‌ಪಿಗಳ ಸೆಟ್ ಆಗಿ ಬರಬೇಕಿತ್ತು. ಅಷ್ಟರಲ್ಲಿ ವಾದಕರು ಬಿಟ್ಟುಹೋದರು, ರೆಕಾರ್ಡ್ ಕಂಪನಿಯೂ ಬದಲಾಯಿತು. ಟೇಪ್ ಹೊರಬಂದದ್ದು 1992ರಲ್ಲಿ. ಫಂಕಡೆಲಿಕ್ ಬ್ಯಾಂಡ್ 1971ರಲ್ಲಿ ಮಿಷಿಗನ್‌ನ ಮೆಡೊಬ್ರೂಕ್‌ನಲ್ಲಿ ನುಡಿಸಿದ್ದು 1996ರಲ್ಲಿ ಸಿಕ್ಕಿತು. ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ 1968ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್‌ನಲ್ಲಿ ಕೊಟ್ಟ ಶೋಗಳ ಪೂರ್ತಿ ಸೆಟ್‌ಗೆ 2015ರವರೆಗೆ ಕಾಯಬೇಕಾಯಿತು. ನನಗೆ ತುಂಬ ಇಷ್ಟವಾದದ್ದು ನ್ಯೂ ಆರ್ಲಿಯನ್ಸ್‌ನ ದ ಮೀಟರ್ಸ್ ಬ್ಯಾಂಡಿನ ಟೇಪ್. 1975ರಲ್ಲಿ ಪಾಲ್ ಮೆಕಾರ್ಟ್ನಿ ಕ್ವೀನ್ ಮೇರಿ ಹಡಗಿನ ಮೇಲೆ ಒಂದು ಪಾರ್ಟಿ ಕೊಟ್ಟಿದ್ದರು. ಅಲ್ಲಿ ಮೀಟರ್ಸ್ ಕೂಡ ನುಡಿಸಿದ್ದರು. ಅದೂ 1992ರಲ್ಲೇ ಬಂತು.

ಈ ಕೆಲಸಕ್ಕೆ, ಬಿಡುಗಡೆಯಾದ ರೆಕಾರ್ಡ್‌ಗಳ ವಿವರ ಇರುವ ಡಿಸ್ಕಾಗ್ಸ್ ತಾಣ ಒಳ್ಳೆಯದು. ಅಲ್ಲಿ ಪಟ್ಟಿ ಇರುವುದು ಬಿಡುಗಡೆಯಾದ ವರ್ಷದ ಪ್ರಕಾರ. ಹಾಗಾಗಿ 1990ರ ನಂತರದ ಲೈವ್ ಆಲ್ಬಮ್‌ಗಳನ್ನು ಒಂದೊಂದಾಗಿ ತೆರೆದು, ಕೆಳಗಿನ ಟಿಪ್ಪಣಿಯಲ್ಲಿ ಎಲ್ಲಿ, ಯಾವಾಗ ರೆಕಾರ್ಡ್ ಆಯಿತು ಅಂತ ಓದಿ. 'ಅನ್‌ಅಫೀಶಿಯಲ್' ಅಂತ ಗುರುತು ಇದ್ದರೆ ಅದು ಬೂಟ್‌ಲೆಗ್, ಅಂದರೆ ಅನುಮತಿಯಿಲ್ಲದೆ ಹೊರತಂದದ್ದು. ಅಂಥದ್ದನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ನುಡಿಸಿದವರಿಗೆ ಅದರಿಂದ ಒಂದು ಪೈಸೆಯೂ ಹೋಗುವುದಿಲ್ಲ.

ಆಮೇಲೆ ಭಂಡಾರಗಳ ಕಡೆ ಹೋಗಿ

ಫಿಲ್‌ಮೋರ್ ನಡೆಸುತ್ತಿದ್ದ ಬಿಲ್ ಗ್ರಹಾಂ ತಮ್ಮ ಶೋಗಳನ್ನು ರೆಕಾರ್ಡ್ ಮಾಡಿಸಿ ಇಟ್ಟಿದ್ದರು. ಆ ಸಂಗ್ರಹ ಈಗ ವುಲ್ಫ್‌ಗ್ಯಾಂಗ್ಸ್ ತಾಣದಲ್ಲಿದೆ. ಸ್ವಿಟ್ಜರ್ಲೆಂಡಿನ ಮಾಂಟ್ರೊ ಜಾಝ್ ಸಂಗೀತ ಉತ್ಸವದ್ದು ಇನ್ನೊಂದು ದೊಡ್ಡ ಸಂಗ್ರಹ. ಅದು 2013ರಲ್ಲಿ ಯುನೆಸ್ಕೊದ 'ಮೆಮೊರಿ ಆಫ್ ದ ವರ್ಲ್ಡ್' ಪಟ್ಟಿಗೆ ಸೇರಿತು. ಜರ್ಮನಿಯ ಟಿವಿ ಕಾರ್ಯಕ್ರಮ ರಾಕ್‌ಪಲಾಸ್ಟ್‌ನಲ್ಲಿ ಮದರ್ಸ್ ಫೈನೆಸ್ಟ್ ಬ್ಯಾಂಡ್ 1978ರಲ್ಲಿ ನುಡಿಸಿದ್ದನ್ನು ಖಂಡಿತ ನೋಡಿ. ಇಂಟರ್‌ನೆಟ್ ಆರ್ಕೈವ್‌ನ ಲೈವ್ ಮ್ಯೂಸಿಕ್ ವಿಭಾಗದಲ್ಲಿ ಅನುಮತಿ ಕೊಟ್ಟ ಬ್ಯಾಂಡ್‌ಗಳದ್ದು ಮಾತ್ರ ಇರುತ್ತದೆ. ಎಪ್ಪತ್ತರ ದಶಕದ ದೊಡ್ಡ ಹೆಸರುಗಳಿಗಿಂತ, ಮೀಟರ್ಸ್ ದಾರಿಯಲ್ಲೇ ಬಂದ ಗ್ಯಾಲಕ್ಟಿಕ್‌ನಂಥ ಬ್ಯಾಂಡ್‌ಗಳು ಅಲ್ಲಿ ಸಿಗುತ್ತವೆ.

ಹಳೆಯ ಟಿವಿ ತುಣುಕು ಸಿಕ್ಕಾಗ ಸ್ವಲ್ಪ ಹುಷಾರಾಗಿರಿ. ಅಮೆರಿಕದ ಸೋಲ್ ಟ್ರೇನ್‌ನಂಥ ಟಿವಿ ಕಾರ್ಯಕ್ರಮದಲ್ಲಿ ಹೆಚ್ಚಿನವರು ರೆಕಾರ್ಡಿಗೆ ಬಾಯಿ ಆಡಿಸುತ್ತಿದ್ದರು. ಗಿಟಾರಿಗೆ ವೈರ್ ಸಿಕ್ಕಿಸಿದೆಯಾ ಅಂತ ನೋಡಿದರೆ ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತದೆ.

ಟೇಪ್ ಜೊತೆಗಿನ ವಿವರ ಓದಿ

ಒಳ್ಳೆಯ ರೆಕಾರ್ಡಿಂಗ್ ಜೊತೆ ಅದರ ಮೂಲ ಬರೆದಿರುತ್ತಾರೆ. ಎಸ್‌ಬಿಡಿ ಅಂದರೆ ಸೌಂಡ್‌ಬೋರ್ಡ್, ಅಂದರೆ ಮಿಕ್ಸರ್‌ನಿಂದ ನೇರವಾಗಿ ತೆಗೆದದ್ದು. ಎಯುಡಿ ಅಂದರೆ ಪ್ರೇಕ್ಷಕರ ನಡುವೆ ಮೈಕ್ ಹಿಡಿದು ತೆಗೆದದ್ದು. ಎಫ್‌ಎಂ ಅಂದರೆ ರೇಡಿಯೊ ಪ್ರಸಾರ. ಸೌಂಡ್‌ಬೋರ್ಡ್ ಸ್ಪಷ್ಟವಾಗಿರುತ್ತದೆ, ಆದರೆ ಜನರ ಗದ್ದಲ ಕಮ್ಮಿ. ಫಂಕ್‌ಗೆ ಆ ಗದ್ದಲವೂ ಬೇಕು, ಅಲ್ವಾ? ಆದ್ದರಿಂದ ಎಯುಡಿ ಅಂದಾಕ್ಷಣ ಬಿಟ್ಟುಬಿಡಬೇಡಿ. ದನಿಯ ಗುಣ ಕಳೆದುಕೊಳ್ಳದ ಫ್ಲ್ಯಾಕ್ ಫೈಲ್ ಸಿಕ್ಕರೆ ಎಂಪಿ3 ಬದಲು ಅದನ್ನೇ ಇಟ್ಟುಕೊಳ್ಳಿ. ಎಲ್ಲ ಹಾಡುಗಳೂ ಸ್ಟುಡಿಯೊ ಶ್ರುತಿಗಿಂತ ಒಂದೇ ಅಳತೆಯಲ್ಲಿ ಮೇಲಿದ್ದು, ದನಿಯೂ ಕೀರಲಾಗಿದ್ದರೆ, ಟೇಪ್ ಜಾಸ್ತಿ ವೇಗದಲ್ಲಿ ಓಡಿದೆ ಅಂತ ಅನುಮಾನಿಸಬಹುದು.

ಯಾರು ನುಡಿಸುತ್ತಿದ್ದಾರೆ, ಕಿವಿಗೊಡಿ

ಕೈಯಿಂದ ಕೈಗೆ ದಾಟಿದ ಟೇಪ್ ಮೇಲೆ ಬರೆದ ತಾರೀಖನ್ನು ಸುಮ್ನೆ ನಂಬಬೇಡಿ. ಪರೀಕ್ಷೆ ಮಾಡಲು ಒಂದು ಸೊಗಸಾದ ಉಪಾಯವಿದೆ. ಜೇಮ್ಸ್ ಬ್ರೌನ್ ಸ್ಟೇಜ್ ಮೇಲೆ ವಾದಕರ ಹೆಸರು ಹಿಡಿದು ಕೂಗುತ್ತಿದ್ದರು. 1970ರ ಮಾರ್ಚ್‌ನಲ್ಲಿ ಸ್ಯಾಕ್ಸೊಫೋನ್ ವಾದಕ ಮೇಸಿಯೊ ಪಾರ್ಕರ್ ಸೇರಿ ಬಹುತೇಕ ಬ್ಯಾಂಡ್ ಹೊರನಡೆಯಿತು. ಅವರ ಜಾಗಕ್ಕೆ ಬೂಟ್ಸಿ ಕಾಲಿನ್ಸ್ ಮತ್ತು ಅವರ ಅಣ್ಣ ಕ್ಯಾಟ್‌ಫಿಶ್ ಬಂದರು. ಈ ಅಣ್ಣತಮ್ಮಂದಿರೂ 1971ರಲ್ಲಿ ಬಿಟ್ಟರು. ಮೇಸಿಯೊ ವಾಪಸ್ ಬಂದದ್ದು 1973ರಲ್ಲಿ. ಹಾಗಾಗಿ 1971 ಅಂತ ಬರೆದ ಟೇಪಿನಲ್ಲಿ 'ಮೇಸಿಯೊ!' ಅನ್ನುವ ಕೂಗು ಕೇಳಿದರೆ ಆ ತಾರೀಖು ತಪ್ಪಿರಬೇಕು. ಸ್ಲೈ ಬ್ಯಾಂಡಿಗೂ ಇಂಥ ಗಡಿ ಇದೆ. ಹೆಬ್ಬೆರಳಲ್ಲಿ ತಂತಿ ಬಡಿದು ಬೇಸ್ ನುಡಿಸುತ್ತಿದ್ದ ಲ್ಯಾರಿ ಗ್ರಹಾಂ 1972ರಲ್ಲಿ ಹೊರಬಂದರು.

ಚಪ್ಪಾಳೆಯನ್ನೂ ಪರೀಕ್ಷಿಸಿ. ಬ್ರೌನ್ ಅವರ 1970ರ 'ಸೆಕ್ಸ್ ಮೆಷಿನ್' ಡಬಲ್ ಆಲ್ಬಮ್ ಲೈವ್ ಅಂತಲೇ ಮಾರಾಟವಾಯಿತು. ಆದರೆ ಅದರಲ್ಲಿ ಹಲವು ಹಾಡುಗಳು ಸ್ಟುಡಿಯೊದವು, ಜನರ ಸದ್ದನ್ನು ಆಮೇಲೆ ಸೇರಿಸಿದ್ದಾರೆ. ಉಳಿದ ಬಹುಪಾಲು 1969ರ ಅಕ್ಟೋಬರ್ 1ರಂದು ಅವರ ಊರಾದ ಆಗಸ್ಟಾದಲ್ಲಿ ನಡೆದ ಶೋದ್ದು. ಆ ಶೋ 2019ರಲ್ಲಿ 'ಲೈವ್ ಅಟ್ ಹೋಮ್ ವಿತ್ ಹಿಸ್ ಬ್ಯಾಡ್ ಸೆಲ್ಫ್' ಅಂತ ಬೇರೆಯಾಗಿ ಬಂತು. ಕಿವಿ ಪಳಗಿಸಲು ಇವೆರಡೇ ಸಾಕು. ಹೆಡ್‌ಫೋನ್ ಹಾಕಿ ಒಂದರ ಹಿಂದೆ ಒಂದು ಕೇಳಿ. ಕಹಳೆಗಳು, ಡ್ರಮ್ಸ್, ಜನರ ಕೂಗು ಒಂದೇ ಸಭಾಂಗಣದಲ್ಲಿ ಮೊಳಗುತ್ತಿವೆಯಾ, ಇಲ್ಲ ಜನ ಮಾತ್ರ ಬೇರೆಲ್ಲೋ ಇದ್ದಾರಾ ಅಂತ ಗಮನಿಸಿ.