ಕರೆಂಟ್ ಹೋದರೆ ಅಕ್ಷರ ತಪ್ಪುವ ಸ್ಪೆಲ್ಲರ್

ಮಾತು ನಿಂತಿರುವ ನಮ್ಮ ಮಾವನಿಗಾಗಿ ಮಾಡಿದ ಪಿ300 ಸ್ಪೆಲ್ಲರ್‌ಗೆ, ಅಂದರೆ ಮಿದುಳಿನ ಅಲೆ ನೋಡಿ ಬೇಕಾದ ಅಕ್ಷರ ಆರಿಸುವ ಏರ್ಪಾಟಿಗೆ, ಒಂದು ವಿಚಿತ್ರ ಚಾಳಿ ಇತ್ತು. ಕರೆಂಟ್ ಹೋದ ಕೂಡಲೇ ಅಕ್ಷರ ತಪ್ಪುತ್ತಿತ್ತು. ಶಿರಸಿಯ ಮಳೆಗಾಲ, ಕೇಳಬೇಕೇ! ಬ್ಯಾಟರಿ ಮೇಲೆ ನಡೆಯುವಾಗ ವೈರಿಂಗಿನ 50 ಹರ್ಟ್ಸ್ ಗದ್ದಲ ಕಡಿಮೆ. ಸಿಗ್ನಲ್ ಇನ್ನೂ ಚೊಕ್ಕ ಬರಬೇಕು, ಅಲ್ವಾ?

ಈ ಸ್ಪೆಲ್ಲರ್ ಫಾರ್ವೆಲ್ ಮತ್ತು ಡಾಂಚಿನ್ ಎಂಬ ಸಂಶೋಧಕರು 1988ರಲ್ಲಿ ತೋರಿಸಿದ ಉಪಾಯ. ಪರದೆಯ ಮೇಲೆ ಅಕ್ಷರಗಳ 6×6 ಚೌಕದಲ್ಲಿ ಅಡ್ಡಸಾಲು, ಕಂಬಸಾಲುಗಳು ಒಂದೊಂದಾಗಿ ಮಿನುಗುತ್ತವೆ. ಬೇಕಾದ ಅಕ್ಷರ ಮಿನುಗಿದ ಸುಮಾರು 300 ಮಿಲಿಸೆಕೆಂಡಿಗೆ ಮಿದುಳಿನಲ್ಲಿ ಸಣ್ಣ ಅಲೆ ಏಳುತ್ತದೆ, ಅದೇ ಪಿ300. ಹಲವು ಸಲದ ಸರಾಸರಿ ತೆಗೆದರೇ ಅದು ಕಾಣುವುದು. ಮಿನುಗಿದ ಗಳಿಗೆಯ ಗುರುತು ಅತ್ತಿತ್ತ ಆದರೆ ತಾಳ ತಪ್ಪಿದ ಭಜನೆಯಂತೆ ಎಲ್ಲ ಕಲಸಿಹೋಗುತ್ತದೆ. ಎಲ್ಲಕ್ಕೂ ಒಂದೇ ಸಮನಾದ ತಡ ಇದ್ದರೆ ಕಳೆದುಬಿಡಬಹುದು. ಏರುಪೇರೇ ತೊಂದರೆ.

ಸುಮ್ನೆ ತಲೆಗೆ ಹಚ್ಚುವ ಎಲೆಕ್ಟ್ರೋಡ್ ಬದಲಿಸುತ್ತ ಕೂರುವ ಬದಲು ಪರದೆಯ ಮೂಲೆಗೆ ಫೋಟೋಡಯೋಡ್ (ಬೆಳಕು ಗುರುತಿಸುವ ಪುಟ್ಟ ಬಿಡಿಭಾಗ) ಅಂಟಿಸಿದೆ. ಅಲ್ಲೊಂದು ಚಿಕ್ಕ ಚೌಕವೂ ಜೊತೆಗೇ ಮಿನುಗುವಂತೆ ಮಾಡಿ, ಆ ಸಿಗ್ನಲ್ಲನ್ನೂ ಮಿದುಳಿನ ಅಲೆಗಳ ದಾಖಲೆಯಾದ ಇಇಜಿ ಜೊತೆ ದಾಖಲಿಸಿದೆ. ಕಳ್ಳ ಸಿಕ್ಕಿದ! ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ತಾನಾಗಿಯೇ ಪರದೆಯ ರಿಫ್ರೆಶ್ ದರವನ್ನು (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಎಷ್ಟು ಸಲ ಚಿತ್ರ ಹೊಸದಾಗುತ್ತದೆ ಎಂಬ ಲೆಕ್ಕ) 60 ಹರ್ಟ್ಸಿನಿಂದ 40ಕ್ಕೆ ಇಳಿಸುತ್ತಿತ್ತು. ಪ್ರೋಗ್ರಾಂ ಲೆಕ್ಕದಲ್ಲಿ 6 ಫ್ರೇಮ್ ಅಂದರೆ 100 ಮಿಲಿಸೆಕೆಂಡ್. ಪರದೆ ಮೇಲೆ 150. ಪ್ರತಿ ಮಿನುಗಿಗೂ ವ್ಯತ್ಯಾಸ ಬೆಳೆಯುತ್ತಲೇ ಹೋಗುತ್ತಿತ್ತು.

ಸೆಟ್ಟಿಂಗ್ಸ್‌ನಲ್ಲಿ ದರವನ್ನು 60ಕ್ಕೇ ಕಟ್ಟಿಹಾಕಿದೆ. ಗುರುತನ್ನು ಈಗ ಪ್ರೋಗ್ರಾಂ ಲೆಕ್ಕದಿಂದಲ್ಲ, ಫೋಟೋಡಯೋಡಿನಿಂದಲೇ ತೆಗೆಯುತ್ತೇನೆ. ಕರೆಂಟ್ ಹೋದರೂ ಮಾವನ ಅಕ್ಷರ ಸರಿಯಾಗಿ ಬರುತ್ತಿದೆ. ಬ್ಯಾಟರಿಯಲ್ಲಿ ತೆಗೆದ ಹಳೆಯ ದಾಖಲೆಗಳನ್ನು ಮಾತ್ರ ಬಿಸಾಡಬೇಕಾಯಿತು. ಮಿನುಗಿದ ನಿಜವಾದ ಗಳಿಗೆ ಅವುಗಳಲ್ಲಿ ಇರಲೇ ಇಲ್ಲ.