ಬಿಳಿಜೋಳದ ಕಪ್‌ಕೇಕು: ಗಿರಣಿಯಿಂದ ಡಬ್ಬಿಯ ತನಕ

ಗೋಧಿ ಒಗ್ಗದ ಮಕ್ಕಳಿಗೆ ಕಪ್‌ಕೇಕು ಮಾಡಬೇಕು ಅಂದರೆ ಎಲ್ಲರೂ ಮೊದಲು ಅಳತೆ ಕೇಳುತ್ತಾರೆ. ನಾನು ಮೊದಲು ಕೇಳುವುದು, ಹಿಟ್ಟು ಎಲ್ಲಿ ಬೀಸಿಸಿದ್ದು ಅಂತ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಓಣಿ ಓಣಿಗೆ ಗಿರಣಿ ಇದೆ. ಅಲ್ಲಿ ಬೆಳಗಿನಿಂದ ಗೋಧಿ, ಜೋಳ, ಕಡಲೆಬೇಳೆ ಸಾಲಾಗಿ ಬೀಸುತ್ತಲೇ ಇರುತ್ತಾರೆ. ನಿಮಗಿಂತ ಮೊದಲು ಯಾರದೋ ಗೋಧಿ ಬಿದ್ದಿದ್ದರೆ, ಒಳಗೆ ಉಳಿದ ಹಿಟ್ಟು ನಿಮ್ಮ ಡಬ್ಬಿಗೇ ಬರುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಟಿನ ಪ್ರೋಟೀನು ಕರುಳಿಗೆ ಒಗ್ಗದ ಕಾಯಿಲೆಗೆ ಸೀಲಿಯಾಕ್ ಅನ್ನುತ್ತಾರೆ. ಅದು ಇರುವ ಮಗುವಿಗೆ ಅಷ್ಟು ಸಾಕು, ಕರುಳಿಗೆ ಪೆಟ್ಟು ಬೀಳುತ್ತದೆ. ಪ್ಯಾಕೆಟ್ ಮೇಲೆ ಗ್ಲುಟೆನ್ ಇಲ್ಲ ಅಂತ ಬರೆಯಬೇಕಾದರೆ ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಬಾರದು ಅನ್ನುವುದು ನಮ್ಮ ದೇಶದ ನಿಯಮ. ಗಿರಣಿಯವರು ಎಷ್ಟೇ ಬೇಕಾದವರಾಗಿರಲಿ, ಅವರಿಂದ ಆ ಲೆಕ್ಕ ಕಾಯುವುದಕ್ಕೆ ಆಗಲ್ಲ.

ಅದಕ್ಕೇ ಮನೆಯ ಮಿಕ್ಸಿಯಲ್ಲೇ ಬೀಸಿಕೊಳ್ಳಿ. ಒಂದು ಸಲಕ್ಕೆ ಬೇಕಾಗುವುದು ನೂರು ಗ್ರಾಂ ಹಿಟ್ಟು ಮಾತ್ರ, ಕಷ್ಟ ಏನಿಲ್ಲ. ಜೋಳವನ್ನು ಮೊದಲು ತಾಟಿನಲ್ಲಿ ಹರಡಿ ಹಸನು ಮಾಡಿ. ನಮ್ಮ ಕಡೆ ಹಿಂಗಾರಿಯಲ್ಲಿ ಬಿಳಿಜೋಳ, ಗೋಧಿ ಎರಡನ್ನೂ ಬೆಳೆಯುತ್ತಾರೆ, ಚೀಲದಲ್ಲಿ ಗೋಧಿ ಕಾಳು ಸೇರಿರುವುದು ಹೊಸದಲ್ಲ. ಆರಿಸಿ, ತೊಳೆದು, ಚೆನ್ನಾಗಿ ಒಣಗಿಸಿ, ಸ್ವಲ್ಪ ಸ್ವಲ್ಪವೇ ಬೀಸಿ. ಸಣ್ಣ ಕಣ್ಣಿನ ಸಾಣಿಗೆಯಲ್ಲಿ ಸೋಸಿ. ಆ ಸಾಣಿಗೆ ಇದಕ್ಕೇ ಬೇರೆ ಇರಲಿ, ಗೋಧಿ ಹಿಟ್ಟು ಕಂಡ ಸಾಣಿಗೆ ಎಷ್ಟು ತಿಕ್ಕಿದರೂ ಬೇಡ. ಬೀಸಿದ ಹಿಟ್ಟು ಜಾಸ್ತಿ ದಿನ ಇಟ್ಟರೆ ಕಹಿ ಬರುತ್ತದೆ, ಆಗಾಗ ಬೇಕಾದಷ್ಟೇ ಮಾಡಿಕೊಳ್ಳಿ.

ಇನ್ನೊಂದು ಮಾತು. ಸದಕ ಗೋಧಿ ಒಳ್ಳೆಯದು, ಹಳೆಯ ಕಾಲದ್ದು, ಅದನ್ನು ಹಾಕಬಹುದಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹುಗ್ಗಿಗೆ ಸದಕದಷ್ಟು ರುಚಿ ಬೇರೆ ಇಲ್ಲ, ಆ ಮಾತು ನಿಜ. ಆದರೆ ಅದೂ ಗೋಧಿಯೇ. ಗ್ಲುಟೆನ್ ಇದ್ದೇ ಇದೆ. ರವಾ, ಮೈದಾ, ಬಾರ್ಲಿ, ಹಾಲಿಗೆ ಹಾಕುವ ಮಾಲ್ಟ್ ಪುಡಿ ಇವೂ ಬೇಡ. ಮೇಲೆ ಉದುರಿಸುವ ಬಣ್ಣದ ಕಾಳು, ಬೇಕಿಂಗ್ ಪೌಡರ್ ತರುವಾಗಲೂ ಪ್ಯಾಕೆಟ್ ಹಿಂದೆ ಓದಿಯೇ ತನ್ನಿ.

ಈಗ ಹಿಟ್ಟಿನ ಗುಣ. ಜೋಳದ ರೊಟ್ಟಿ ಬಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಜೋಳಕ್ಕೆ ತಾನಾಗಿ ಹಿಡಿತ ಇಲ್ಲ, ಎಸರು ಹಾಕಿ ನಾದಿದರೆ ಜಿಗಿ ಬರುತ್ತದೆ, ಇಲ್ಲಾಂದರೆ ಅಂಚು ಬಿರಿಯುತ್ತದೆ. ಕಪ್‌ಕೇಕಿಗೂ ಜಿಗಿಯನ್ನು ನಾವೇ ಕೊಡಬೇಕು. ಅದಕ್ಕೆ ಮೊಟ್ಟೆ, ಮತ್ತೆ ಒಂದು ಚಮಚ ಇಸಬಗೋಲ್. ಮೊಟ್ಟೆ ನಡೆಯದ ಮನೆಯಲ್ಲಿ ಅಗಸಿ ಇದೆಯಲ್ಲ. ಒಂದು ಮೊಟ್ಟೆಯ ಬದಲು ಒಂದು ದೊಡ್ಡ ಚಮಚ ಅಗಸಿ ಪುಡಿ, ಮೂರು ದೊಡ್ಡ ಚಮಚ ಬಿಸಿನೀರು. ಹತ್ತು ನಿಮಿಷಕ್ಕೆ ಲೋಳೆಯಾಗುತ್ತದೆ. ಕೇಕು ಸ್ವಲ್ಪ ಗಟ್ಟಿ ಬರುತ್ತದೆ, ಆದರೆ ರುಚಿಗೆ ಕೊರತೆ ಇಲ್ಲ.

ಹನ್ನೆರಡು ಕಪ್‌ಕೇಕಿಗೆ ಜೋಳದ ಹಿಟ್ಟು 100 ಗ್ರಾಂ, ಅಕ್ಕಿ ಹಿಟ್ಟು 50 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ. ಸಕ್ಕರೆ 120 ಗ್ರಾಂ, ಮೊಟ್ಟೆ ಎರಡು, ಗಟ್ಟಿ ಮೊಸರು 150 ಗ್ರಾಂ, ಎಣ್ಣೆ 80 ಮಿಲಿ, ಹಾಲು ಕಾಲು ಕಪ್ಪು, ಒಂದು ಚಿಟಿಕೆ ಉಪ್ಪು. ಹಾವೇರಿಯಿಂದ ಬಂದ ಏಲಕ್ಕಿ ಹಾರ ಮನೆಯಲ್ಲಿದ್ದರೆ ಅದರಿಂದಲೇ ನಾಲ್ಕು ಕಾಯಿ ಬಿಡಿಸಿ ಪುಡಿ ಮಾಡಿ. ವೆನಿಲ್ಲಾಕ್ಕಿಂತ ಜೋಳಕ್ಕೆ ಏಲಕ್ಕಿಯೇ ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲ ಕಲಸಿ ಅರ್ಧ ತಾಸು ಮುಚ್ಚಿಡಿ. ಇದನ್ನು ಬಿಡಲೇಬೇಡಿ. ಹಿಟ್ಟು ನೀರು ಕುಡಿಯದೇ ಒಲೆಗೆ ಹೋದರೆ ತಿನ್ನುವಾಗ ಬಾಯಲ್ಲಿ ಮರಳು ಮರಳು ಆಗುತ್ತದೆ. ಮೈದಾ ಆದರೆ ಜಾಸ್ತಿ ತಿರುವಿದಷ್ಟೂ ಕೇಕು ಬಿರುಸಾಗುತ್ತದೆ, ಇಲ್ಲಿ ಆ ಭಯ ಇಲ್ಲ, ಕೈ ನೋಯುವ ತನಕ ತಿರುವಿ. ಎರಡು ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಸೋಡಾ ಮಾತ್ರ ಕಡೆಗೆ ಹಾಕಿ, ಹಾಕಿದ ಮೇಲೆ ತಡ ಮಾಡಬೇಡಿ. ಕಪ್ಪಿನ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ತುಂಬಿ, ಮೊದಲೇ ಕಾದ ಓವನ್‌ನಲ್ಲಿ 175 ಡಿಗ್ರಿಗೆ ಇಪ್ಪತ್ತು ನಿಮಿಷ ಇಡಿ. ಕಡ್ಡಿ ಚುಚ್ಚಿದರೆ ಒಣಗಿ ಬರಬೇಕು. ಬಿಸಿ ಇದ್ದಾಗ ಮುರಿದು ನೋಡಿದರೆ ಒಳಗೆ ಅಂಟು ಅನಿಸುತ್ತದೆ, ಆರಿದ ಮೇಲೆಯೇ ಅದು ಸರಿಯಾಗಿ ಕೂರುವುದು.

ಚಪಾತಿ ಹಿಟ್ಟು ಕಲಸಿದ ದಿನ ಇದಕ್ಕೆ ಕೈ ಹಾಕಬೇಡಿ. ಹಾಕಲೇಬೇಕಾದರೆ ಕೇಕಿನ ಕೆಲಸ ಮೊದಲು ಮುಗಿಸಿ. ಗೋಧಿ ಹಿಟ್ಟಿನ ಧೂಳು ಗಾಳಿಯಲ್ಲಿ ನಿಂತಿರುತ್ತದೆ, ನಿಧಾನಕ್ಕೆ ಕಟ್ಟೆಯ ಮೇಲೆ ಇಳಿಯುತ್ತದೆ.

ಇಡುವ ವಿಷಯಕ್ಕೆ ಬರೋಣ, ಹೆಚ್ಚಿನವರ ಕೇಕು ಕೆಡುವುದು ಇಲ್ಲೇ. ಓವನ್‌ನಿಂದ ತೆಗೆದ ಐದು ನಿಮಿಷಕ್ಕೆ ಅಚ್ಚಿನಿಂದ ಬಿಡಿಸಿ ಜಾಲರಿಯ ಮೇಲೆ ಇಡಿ. ಅಚ್ಚಿನಲ್ಲೇ ಬಿಟ್ಟರೆ ತಳ ಬೆವತು ಮೆತ್ತಗಾಗುತ್ತದೆ. ಪೂರ್ತಿ ಆರದೇ ಡಬ್ಬಿ ಮುಚ್ಚಬೇಡಿ, ಧಾರವಾಡದ ಮಳೆಗಾಲದಲ್ಲಿ ಒಳಗಿನ ಆ ಹಬೆಗೇ ಬೂಸ್ಟು ಬರುತ್ತದೆ. ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹೊರಗೇ ಇಟ್ಟರೆ ಒಂದು ದಿನ, ತಂಪು ಹವೆ ಇದ್ದರೆ ಎರಡು ದಿನ.

ಕೆಡಬಾರದು ಅಂತ ಫ್ರಿಜ್ಜಿನಲ್ಲಿ ಇಡುತ್ತಾರೆ. ಕೆಡುವುದಿಲ್ಲ ನಿಜ, ಆದರೆ ಆ ತಂಪಿಗೆ ಹಿಟ್ಟಿನ ಪಿಷ್ಟ ಬಿರುಸಾಗುತ್ತದೆ, ಮರುದಿನ ಕೇಕು ಉದುರುತ್ತದೆ. ಕೆನೆ ಹಚ್ಚಿದ್ದನ್ನು ಮಾತ್ರ ಫ್ರಿಜ್ಜಿನಲ್ಲಿಡಿ. ಮಿಕ್ಕಿದ್ದನ್ನು ಮಾಡಿದ ದಿನವೇ ಒಂದೊಂದನ್ನೂ ಬಿಗಿಯಾಗಿ ಸುತ್ತಿ ಫ್ರೀಜರ್‌ಗೆ ಹಾಕಿ. ಒಂದು ತಿಂಗಳು ರುಚಿ ಹಾಗೇ ಇರುತ್ತದೆ. ಡಬ್ಬಿಯ ಮೇಲೆ ತಾರೀಖು, ಮಗುವಿನ ಹೆಸರು ಬರೆದಿಡಿ, ಮನೆಗೆ ಬಂದವರು ಗೋಧಿ ಬಿಸ್ಕೀಟು ಮುಟ್ಟಿದ ಕೈಯನ್ನು ಅದರೊಳಗೆ ಹಾಕುವುದು ತಪ್ಪುತ್ತದೆ.

ತಿನ್ನುವ ಒಂದು ತಾಸು ಮೊದಲು ಹೊರಗೆ ತೆಗೆದು, ಸುತ್ತಿದ್ದನ್ನು ಬಿಚ್ಚದೇ ಬಿಡಿ. ಆಮೇಲೆ ಬಿಚ್ಚಿ ಇಡ್ಲಿ ಪಾತ್ರೆಯಲ್ಲಿ ಒಂದು ನಿಮಿಷ ಹಬೆ ತೋರಿಸಿ, ಅಥವಾ ಮೈಕ್ರೋವೇವ್‌ನಲ್ಲಿ ಹದಿನೈದು ಸೆಕೆಂಡು. ಹೊಸದರಂತೆ ಮೆತ್ತಗಾಗುತ್ತದೆ. ಬೇರೆ ಮಕ್ಕಳ ಹುಟ್ಟುಹಬ್ಬಕ್ಕೆ ಹೋಗುವಾಗ ಎರಡು ತೆಗೆದು ಮಗುವಿನ ಡಬ್ಬಿಗೆ ಹಾಕಿ ಕೊಡಿ, ಅಲ್ಲಿ ಕೇಕು ಕತ್ತರಿಸುವ ಹೊತ್ತಿಗೆ ಅದೂ ಕರಗಿ ಸರಿಯಾಗಿರುತ್ತದೆ. ಆ ಮನೆಯ ಅಮ್ಮನಿಗೆ ಮೊದಲೇ ಫೋನ್ ಮಾಡಿ ಹೇಳಿಡಿ, ಅವರ ಚಾಕು ಇದಕ್ಕೆ ತಾಗದಿರಲಿ.