ಸೂರಿನ ಅಡಿಯಲ್ಲಿ ಗಾಳಿಕಿಂಡಿ: ಫೋಂಡಾದ ಮನೆಯೊಂದರಲ್ಲಿ ನನ್ನ ಅನುಭವ

ಹಂಚಿನ ಮಾಡಿಗೆ ಗಾಳಿಕಿಂಡಿ ಬೇಕೇ ಎಂದು ಕೇಳಿದವರೇ ಹೆಚ್ಚು. ನಾನು ಕುಂದಾಪುರ ಬಿಟ್ಟು ಗೋವಾದಲ್ಲಿ ಮಾಡಿನ ಕೆಲಸ ಹಿಡಿದು ಇಪ್ಪತ್ತು ವರ್ಷ ದಾಟಿದೆ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭವಾದ ಮೇಲೆ ಈ ಕರಾವಳಿಯುದ್ದಕ್ಕೂ ಹರಡಿದ ಹಂಚು ತನ್ನ ಸಂದುಗಳಿಂದಲೇ ಉಸಿರಾಡುತ್ತಿತ್ತು ಎಂಬುದು ನಿಜ. ಆದರೆ ಸೋರಿಕೆಗೂ ಮಂಗಗಳ ಕಾಟಕ್ಕೂ ಹೆದರಿ ಹಂಚಿನ ಕೆಳಗೆ ತಗಡು ಹಾಸಿ, ಅದರ ಕೆಳಗೆ ಜಿಪ್ಸಮ್ ಸೀಲಿಂಗ್ ಕಟ್ಟಿ, ಸೂರನ್ನು, ಅಂದರೆ ಗೋಡೆಯಿಂದ ಹೊರಚಾಚಿದ ಮಾಡಿನ ಅಡಿಭಾಗವನ್ನು, ಸಿಮೆಂಟ್ ಬೋರ್ಡಿನಿಂದ ಮುಚ್ಚಿದ ಇಂದಿನ ಮನೆಗಳಲ್ಲಿ ಆ ಉಸಿರು ನಿಂತುಹೋಗಿದೆ.

ಫೋಂಡಾ ಹತ್ತಿರದ ಈ ಮನೆಯೂ ಅಂಥದ್ದೇ. ಉದ್ದ ನಲವತ್ತು ಅಡಿ, ಅಗಲ ಮೂವತ್ತು ಅಡಿ, ಎರಡು ಇಳಿಜಾರಿನ ಮಾಡು. ಏಪ್ರಿಲ್ ಮಧ್ಯಾಹ್ನ ಹೊರಗೆ 34 ಡಿಗ್ರಿ ಇದ್ದಾಗ ಅಟ್ಟದಲ್ಲಿ 53ರ ಆಸುಪಾಸು ಇರುತ್ತಿತ್ತು. ನಾನು ಹೋಗುವ ಮೊದಲೇ ಬೇರೆ ಗುತ್ತಿಗೆದಾರರೊಬ್ಬರು ಮಾಡಿನ ನೆತ್ತಿಯಲ್ಲಿ ಗಾಳಿಗೆ ತಿರುಗುವ ಟರ್ಬೊ ಫ್ಯಾನುಗಳೆರಡನ್ನು ಕೂರಿಸಿ ಸುಮಾರು ಹನ್ನೆರಡು ಸಾವಿರ ಪಡೆದಿದ್ದರು. ಫ್ಯಾನುಗಳು ಚೆನ್ನಾಗಿಯೇ ತಿರುಗುತ್ತಿದ್ದವು, ಸೆಕೆ ಮಾತ್ರ ಇಳಿದಿರಲಿಲ್ಲ. ಮಲಗುವ ಕೋಣೆಯ ಸೀಲಿಂಗ್ ದೀಪದ ಪಕ್ಕ ಊದುಬತ್ತಿ ಹಿಡಿದು ನೋಡಿದೆ. ಹೊಗೆ ನೇರವಾಗಿ ದೀಪದ ಸಂದಿಯೊಳಕ್ಕೆ ಎಳೆದುಕೊಂಡು ಹೋಯಿತು. ಹೊರಗಿನಿಂದ ಗಾಳಿ ಬರುವ ದಾರಿಯೇ ಇಲ್ಲದ ಕಾರಣ ಫ್ಯಾನು ಎಸಿಯ ತಂಪು ಗಾಳಿಯನ್ನು ಎಳೆದು ಆಕಾಶಕ್ಕೆ ಬಿಡುತ್ತಿತ್ತು.

ಸೂರು ಕೊರೆಯಬೇಕು ಎಂದಾಗ ಮನೆಯ ಯಜಮಾನರು, ಕುಮಟಾ ಕಡೆಯವರು, ಒಪ್ಪಲಿಲ್ಲ. "ಅಲ್ಲ ಮಾರಾಯ್ರೆ, ಬಿಸಿಗಾಳಿ ಮೇಲಕ್ಕೆ ತಾನೇ ಹೋಗುವುದು? ಕೆಳಗೆ ತೂತು ಮಾಡಿ ಮಳೆಯನ್ನು ಯಾಕೆ ಕರೆಯುತ್ತೀರಿ?" ಎಂದರು. ನನ್ನ ಜೊತೆಗಿದ್ದ ಬಡಗಿಯೂ ಅವರ ಪಕ್ಷವನ್ನೇ ಹಿಡಿದ. ಕೆಲಸ ಫಲಿಸದಿದ್ದರೆ ಕೂಲಿ ಬೇಡ ಎಂಬ ಮಾತಿನ ಮೇಲೆ ಕೆಲಸ ಶುರುವಾಯಿತು.

ಮೊದಲ ಪ್ರಯತ್ನ ಸೋತಿತು. ಒಂದೊಂದು ಬದಿಗೆ ನಾಲ್ಕಿಂಚಿನ ಎಂಟು ದುಂಡು ತೂತು ಕೊರೆದು ಸೊಳ್ಳೆ ಜಾಲರಿ ಬಿಗಿದೆ. ಅಟ್ಟ 53ರಿಂದ 51ಕ್ಕೆ ಇಳಿಯಿತು, ಅಷ್ಟೇ. ತಪ್ಪು ಲೆಕ್ಕದಲ್ಲಿತ್ತು. ಅಟ್ಟದ ನೆಲದ ಮುನ್ನೂರರಲ್ಲಿ ಒಂದು ಪಾಲು ತೆರಪು ಬೇಕು, ಅದರಲ್ಲಿ ಅರ್ಧ ಕೆಳಗೆ, ಅರ್ಧ ಮೇಲೆ ಇರಬೇಕು ಎಂಬುದು ಈ ಕೆಲಸದಲ್ಲಿ ಬಳಸುವ ಲೆಕ್ಕ. 1,200 ಚದರಡಿಗೆ ನಾಲ್ಕು ಚದರಡಿ, ಅಂದರೆ ಕೆಳಗಿನ ಪಾಲು 288 ಚದರ ಇಂಚು. ನನ್ನ ಹದಿನಾರು ತೂತುಗಳು ಕಾಗದದ ಮೇಲೆ 200 ಚದರ ಇಂಚು ಇದ್ದವು, ಜಾಲರಿಯ ತಂತಿ ಅದರಲ್ಲಿ ಅರ್ಧವನ್ನು ನುಂಗಿತ್ತು. ಬೇಕಾದುದರ ಮೂರರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತ್ತು. ಕೂಲಿ, ಸಾಮಾನು ಸೇರಿ ಆರೇಳು ಸಾವಿರ ನನ್ನ ಕೈಯಿಂದಲೇ ಹೋಯಿತು.

ಎರಡನೆಯ ಸಲ ಒಂದೊಂದು ಬದಿಗೆ ಒಂದಡಿ ಉದ್ದ, ನಾಲ್ಕಿಂಚು ಅಗಲದ ಎಂಟು ಸೀಳುಕಿಂಡಿ ಕೊರೆದು, ಸ್ವಲ್ಪ ದೊಡ್ಡ ಕಣ್ಣಿನ ಸ್ಟೀಲ್ ಜಾಲರಿ ಹಾಕಿದೆ. ಉಪ್ಪುಗಾಳಿಗೆ ಸತು ಲೇಪಿಸಿದ ಕಬ್ಬಿಣದ (ಜಿಐ) ಜಾಲರಿ ಎರಡು ಮಳೆಗಾಲವನ್ನೂ ತಾಳುವುದಿಲ್ಲವಾದ್ದರಿಂದ ಇಲ್ಲಿ ಹಣ ಉಳಿಸಲು ಹೋಗಬಾರದು. ಒಂದೊಂದು ಕಿಂಡಿಗೆ ನಿವ್ವಳ 28 ಚದರ ಇಂಚು ಹಿಡಿದರೂ ಒಟ್ಟು 450ರ ಹತ್ತಿರ ಬಂತು. ನೆತ್ತಿಯಲ್ಲಿದ್ದ ಟರ್ಬೊಗಳ ಕುತ್ತಿಗೆ ಇಪ್ಪತ್ತು ಇಂಚು, ಒಂದೇ ಒಂದು 300 ಚದರ ಇಂಚಿಗೂ ಮಿಕ್ಕಿ ತೆರಪು ಕೊಡುವುದರಿಂದ ಇನ್ನೊಂದನ್ನು ಕಿತ್ತು ಆ ಜಾಗಕ್ಕೆ ಹಂಚು ಕೂರಿಸಿದೆ. ಬರುವ ದಾರಿ ಹೋಗುವ ದಾರಿಗಿಂತ ಸ್ವಲ್ಪ ದೊಡ್ಡದಿರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆದರೂ ಸೂರಿನ ಕಿಂಡಿಗೆ ಹಿಡಿದ ಊದುಬತ್ತಿಯ ಹೊಗೆ ಅಲುಗಲಿಲ್ಲ. ಅಟ್ಟಕ್ಕೆ ಹತ್ತಿ ಮೊಣಕಾಲೂರಿ ಹುಡುಕಿದಾಗ ಎರಡು ಕಾರಣ ಸಿಕ್ಕವು. ತ್ರಿಕೋನ ಗೋಡೆಯ ಹಳೆಯ ಕಿಟಕಿ ತೆರೆದೇ ಇದ್ದು, ಟರ್ಬೊ ಹತ್ತಿರದ ಆ ದಾರಿಯಿಂದಲೇ ಗಾಳಿ ಎಳೆದುಕೊಳ್ಳುತ್ತಿತ್ತು. ಇನ್ನೊಂದು, ಬಿಸಿ ತಡೆಯಲು ಸೀಲಿಂಗ್ ಮೇಲೆ ಹಾಸಿದ್ದ ಗ್ಲಾಸ್‌ವುಲ್ ಅನ್ನು ಯಾರೋ ಗೋಡೆಯ ಆಚೆ ಸೂರಿನೊಳಗೂ ತುರುಕಿದ್ದರು. ಕಿಟಕಿಗೆ ಹಲಗೆ ಹೊಡೆದೆ. ಗ್ಲಾಸ್‌ವುಲ್ ಹಿಂದಕ್ಕೆ ಸರಿಸಿ, ಪಕಾಸುಗಳ (ಮಾಡನ್ನು ಹೊರುವ ಇಳಿಜಾರು ಮರಗಳ) ನಡುವೆ ಪಿವಿಸಿ ಹಾಳೆ ಬಗ್ಗಿಸಿ ನಿಲ್ಲಿಸಿ, ತಗಡಿನ ಕೆಳಗೆ ಒಂದೂವರೆ ಇಂಚು ಗಾಳಿದಾರಿ ಬಿಟ್ಟೆ. ಆಗ ಹೊಗೆ ದಾರದಂತೆ ಕಿಂಡಿಯೊಳಗೆ ಏರಿತು. ಮರುದಿನ ಮಧ್ಯಾಹ್ನ ಅಟ್ಟ 42 ತೋರಿಸಿತು. ಯಜಮಾನರು ತಾವೇ ಏಣಿ ಹತ್ತಿ ಥರ್ಮಾಮೀಟರ್ ನೋಡಿ ಬಂದರು.

ಜೂನ್ ಬಂದ ಮೇಲೆ ಪಶ್ಚಿಮ ಬದಿ ಸೋರಿತು. ಮಳೆ ತಾಗದಿರಲಿ ಎಂದು ಕಿಂಡಿಗಳನ್ನು ಗೋಡೆಯ ಪಕ್ಕಕ್ಕೇ ಕೊರೆದದ್ದು ನನ್ನ ತಪ್ಪು. ಗೋಡೆಗೆ ಬಡಿದ ಗಾಳಿ ಹನಿಯನ್ನು ಹೊತ್ತು ಗೋಡೆಗುಂಟ ಮೇಲೇರಿ ನೇರವಾಗಿ ಕಿಂಡಿಗೆ ನುಗ್ಗುತ್ತಿತ್ತು. ಸೀಲಿಂಗ್ ಮೇಲೆ ತಟ್ಟೆಯಗಲದ ಕಲೆ ಬಿತ್ತು. ಆ ಮಳೆಗಾಲವಿಡೀ ಟಾರ್ಪಾಲ್ ಕಟ್ಟಿ ಕಳೆದು, ನವೆಂಬರಿನಲ್ಲಿ ಆ ಬದಿಯ ಎಂಟನ್ನೂ ಸೂರಿನ ಹೊರ ಅಂಚಿನತ್ತ ಸರಿಸಿದೆ. ಕಿಂಡಿಯ ಒಳಸುತ್ತಿಗೆ ಎರಡಿಂಚಿನ ಅಲ್ಯೂಮಿನಿಯಂ ಕಟ್ಟೆ, ಕೆಳಗೆ ಬಗ್ಗಿಸಿದ ತಗಡಿನ ತುಟಿ. ಆ ತುಟಿಯ ಓರೆಯನ್ನು ಹದಕ್ಕೆ ತರಲು ಐದಾರು ತಗಡು ಹಾಳು ಮಾಡಿದ್ದೇನೆ, ಅದರ ಅಳತೆಯನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮುಂದಿನ ಮಳೆಗಾಲದಲ್ಲಿ ಒಂದು ಹನಿಯೂ ಒಳಗೆ ಬರಲಿಲ್ಲ.

ಈ ನಡುವೆ ಹಂಚಿಗೆ ಬಿಳಿ ಸುಣ್ಣ ಹಚ್ಚಿಯೂ ನೋಡಿದೆ. ಹತ್ತು ಹಂಚುಗಳ ತುಂಡಿನಲ್ಲಿ ಅಡಿಭಾಗ ಐದಾರು ಡಿಗ್ರಿ ತಂಪಾದದ್ದು ಹೌದು, ಆದರೆ ಮೊದಲ ಮಳೆಗೇ ಅರ್ಧ ತೊಳೆದುಹೋಗಿ, ಉಳಿದದ್ದು ಪಾಚಿ ಹಿಡಿದು ಕಪ್ಪಾಯಿತು. ಇನ್ನೊಂದು ಸಂಗತಿ: ಅಟ್ಟದಲ್ಲಿ ಹಾದುಹೋಗುವ ಎಸಿಯ ತಾಮ್ರದ ಪೈಪಿಗೆ ಸುತ್ತಿದ ಫೋಮ್ ಎಲ್ಲಾದರೂ ಹರಿದಿದ್ದರೆ ಮಳೆಗಾಲದ ತೇವದ ಗಾಳಿ ಅಲ್ಲಿ ನೀರಾಗಿ ತೊಟ್ಟಿಕ್ಕುತ್ತದೆ. ನನಗೆ ಅದು ಎರಡನೆಯ ಸೋರಿಕೆಯಂತೆ ಕಂಡು ಮೂರು ದಿನ ಮಾಡಿನ ಮೇಲೆ ಹುಡುಕಾಡಿದ್ದೆ.

ಒಟ್ಟು ಖರ್ಚು ಇಪ್ಪತ್ತಾರು ಸಾವಿರದಷ್ಟಾಯಿತು, ಅದರಲ್ಲಿ ಹತ್ತು ಸಾವಿರದಷ್ಟು ನನ್ನ ತಪ್ಪುಗಳ ಬೆಲೆ, ಅದನ್ನು ನಾನೇ ಭರಿಸಿದೆ. ಎಸಿಯನ್ನು 21ರಲ್ಲಿ ಇಡುತ್ತಿದ್ದವರು ಈಗ 25ರಲ್ಲಿ ಇಟ್ಟು ಮಲಗುತ್ತಾರೆ, ಬೇಸಿಗೆಯ ಬಿಲ್ಲು ತಿಂಗಳಿಗೆ ಏಳೆಂಟು ನೂರು ಇಳಿದಿದೆ. ವರ್ಷಕ್ಕೊಮ್ಮೆ, ಮಾರ್ಚ್ ಹೊತ್ತಿಗೆ, ಜಾಲರಿಯ ಜೇಡರಬಲೆಯನ್ನು ಗಟ್ಟಿ ಬ್ರಶ್ಶಿನಿಂದ ಉಜ್ಜಬೇಕು. ಈ ಸಲ ಅದಕ್ಕೆಂದು ಹೋದಾಗ ಯಜಮಾನರು ತಮ್ಮ ಭಾವನವರ ಮಡಗಾಂವ್ ಮನೆಯ ಅಳತೆಯನ್ನು ಬರೆದಿಟ್ಟುಕೊಂಡು ಕಾಯುತ್ತಿದ್ದರು.